ಅಡಿಕೆ ಸಿಪ್ಪೆಯ ನ್ಯಾನೊ ಸೆಲ್ಯುಲೋಸ್: ರಾಮನ್ ಸೂಕ್ಷ್ಮದರ್ಶಕದಲ್ಲಿ 1350 ಮತ್ತು 1590ರ ಪೀಕ್‌ಗಳು ಎಲ್ಲಿಂದ ಬಂದವು?

ಸಿಪ್ಪೆರಾಶಿ (ದಾವಣಗೆರೆ) ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾನು ದಾವಣಗೆರೆಯಲ್ಲಿ ರಸಾಯನಶಾಸ್ತ್ರದ ಸಂಶೋಧನಾ ವಿದ್ಯಾರ್ಥಿನಿ. ಊರು ಚನ್ನಗಿರಿ ಕಡೆ. ಅಡಿಕೆ ಸುಲಿದ ಮೇಲೆ ಸಿಪ್ಪೆಯನ್ನು ರಸ್ತೆ ಬದಿಗೆ ಸುರಿದು ಬೆಂಕಿ ಹಚ್ಚುವುದನ್ನೂ, ಆ ರಾಶಿ ದಿನಗಟ್ಟಲೆ ಹೊಗೆಯಾಡುವುದನ್ನೂ ಚಿಕ್ಕಂದಿನಿಂದ ನೋಡಿದವಳಾದ್ದರಿಂದ, ಸಂಶೋಧನೆಗೆ ವಿಷಯ ಆರಿಸಿಕೊಳ್ಳುವಾಗ ಬೇರೆ ಯೋಚನೆ ಬರಲಿಲ್ಲ. ಸಿಪ್ಪೆಯ ನಾರಿನಿಂದ ಸೆಲ್ಯುಲೋಸ್ ನ್ಯಾನೊ ಹರಳುಗಳನ್ನು ಬೇರ್ಪಡಿಸುತ್ತಿದ್ದೇನೆ.

ಮಾಡಿದ ವಿಧಾನ ಹೊಸದೇನಲ್ಲ. ನಾರನ್ನು ಶೇ 4ರ ಕಾಸ್ಟಿಕ್ ಸೋಡಾ ದ್ರಾವಣದಲ್ಲಿ 80 ಡಿಗ್ರಿ ಸೆಲ್ಸಿಯಸ್‌ನಲ್ಲಿ ಮೂರು ಬಾರಿ ಕಾಯಿಸಿ, ಸೋಡಿಯಂ ಕ್ಲೋರೈಟ್‌ನಿಂದ ಬಿಳುಪು ಮಾಡಿ, ಶೇ 64ರ ಗಂಧಕಾಮ್ಲದಲ್ಲಿ 45 ಡಿಗ್ರಿಯಲ್ಲಿ 45 ನಿಮಿಷ ಇರಿಸಿ, ಹತ್ತು ಪಟ್ಟು ತಣ್ಣೀರಿಗೆ ಸುರಿದು ಕ್ರಿಯೆಯನ್ನು ನಿಲ್ಲಿಸಿದೆ. ಸೆಂಟ್ರಿಫ್ಯೂಜ್ ಮತ್ತು ಡಯಾಲಿಸಿಸ್ ಆದ ಮೇಲೆ ಉಳಿದದ್ದು ತಿಳಿ ಮಜ್ಜಿಗೆಯಂಥ, ಬೆಳಕಿಗೆ ಹಿಡಿದರೆ ಸ್ವಲ್ಪ ನೀಲಿ ಕಾಣುವ ದ್ರವ. ಅದರ ಒಂದು ಭಾಗವನ್ನು ಫ್ರೀಜ್ ಡ್ರೈ ಮಾಡಿ ಪುಡಿಯಾಗಿಸಿದೆ. ಟಿಇಎಂ (ಎಲೆಕ್ಟ್ರಾನ್ ಸೂಕ್ಷ್ಮದರ್ಶಕ) ಚಿತ್ರದಲ್ಲಿ ಸುಮಾರು 10 ನ್ಯಾನೊಮೀಟರ್ ಅಗಲ, 150ರಿಂದ 250 ನ್ಯಾನೊಮೀಟರ್ ಉದ್ದದ ಸೂಜಿಯಂಥ ಕಣಗಳು ಸ್ಪಷ್ಟವಾಗಿ ಕಾಣುತ್ತವೆ. ಅಲ್ಲಿಯವರೆಗೆ ಎಲ್ಲವೂ ಸರಿ ಇತ್ತು.

ಪುಡಿಯನ್ನು ರಾಮನ್ ಸೂಕ್ಷ್ಮದರ್ಶಕದ (ಲೇಸರ್ ಬಿಟ್ಟು, ಚದುರಿದ ಬೆಳಕಿನಿಂದ ವಸ್ತುವನ್ನು ಗುರುತಿಸುವ ಉಪಕರಣ) ಪರೀಕ್ಷೆಗೆ ಹೊರಗಿನ ಒಂದು ಲ್ಯಾಬಿಗೆ ಕಳುಹಿಸಿದ್ದೆ. ಅವರು 532 ನ್ಯಾನೊಮೀಟರ್ ಲೇಸರ್ ಮತ್ತು 100 ಪಟ್ಟಿನ ಆಬ್ಜೆಕ್ಟಿವ್ ಬಳಸಿದ್ದಾರೆ. ಮೊದಲ ರೋಹಿತದಲ್ಲಿ ಗುಡ್ಡದಂಥ ಒಂದು ದೊಡ್ಡ ಉಬ್ಬು ಬಿಟ್ಟರೆ ಏನೂ ಇಲ್ಲ. ಆಮೇಲೆ ಲೇಸರ್ ಪವರನ್ನು ಸುಮಾರು 5 ಮಿಲಿವ್ಯಾಟ್‌ಗೆ ಏರಿಸಿ ತೆಗೆದ ರೋಹಿತದಲ್ಲಿ 1350 ಮತ್ತು 1590ರ ಹತ್ತಿರ ಎರಡು ಅಗಲವಾದ ಪೀಕ್‌ಗಳು ಬಂದಿವೆ (ಇಲ್ಲಿನ ತರಂಗಸಂಖ್ಯೆಗಳೆಲ್ಲ ಪ್ರತಿ ಸೆಂಟಿಮೀಟರಿನ ಲೆಕ್ಕದವು). ವರದಿಯಲ್ಲಿ ಅದನ್ನು ಗ್ರಾಫೀನ್ ಮಾದರಿಯ ಕಾರ್ಬನ್ ಎಂದು ಬರೆದಿದ್ದಾರೆ. ನನ್ನ ಸ್ಯಾಂಪಲ್ ಸೆಲ್ಯುಲೋಸ್ ಆಗಿದ್ದರೆ ಗ್ರಾಫೀನ್ ಎಲ್ಲಿಂದ ಬರಬೇಕು? ಎಫ್‌ಟಿಐಆರ್‌ನಲ್ಲಿ (ವಸ್ತು ಯಾವ ಇನ್ಫ್ರಾರೆಡ್ ಬೆಳಕನ್ನು ಹೀರುತ್ತದೆ ಎಂದು ಅಳೆಯುವ ವಿಧಾನ) 1640ರಲ್ಲಿ ಕಾಣುವ ಪೀಕನ್ನು ಕೆಲವು ಪ್ರಬಂಧಗಳಲ್ಲಿ ಪ್ರೋಟೀನಿನ ಅಮೈಡ್ ಎಂದು ಬರೆದಿರುವುದರಿಂದ ಅದೂ ಗೊಂದಲವಾಗಿದೆ. ಒಂದೊಂದೇ ಕಣದ ರೋಹಿತ ಬೇಕಾದರೆ ಎಎಫ್‌ಎಂ-ಐಆರ್‌ಗೆ (ಸೂಜಿಮೊನೆಯ ನೆರವಿನಿಂದ ಇನ್ಫ್ರಾರೆಡ್ ರೋಹಿತ ತೆಗೆಯುವ ವಿಧಾನ) ಹೋಗಲೇಬೇಕೇ ಎಂಬುದನ್ನೂ ತಿಳಿದವರು ಹೇಳಿದರೆ ಉಪಕಾರವಾಗುತ್ತದೆ.

ದುರ್ಗದ ದುರ್ಬೀನು:

ನಾನು ಚಿತ್ರದುರ್ಗದವನು; ಈಗ ಬೆಂಗಳೂರಿನಲ್ಲಿ ರಾಮನ್ ಉಪಕರಣದ ಮುಂದೆ ಕೂರುವುದೇ ನನ್ನ ಕೆಲಸ. ನಿಮ್ಮ ಸ್ಯಾಂಪಲ್‌ನಲ್ಲಿ ಗ್ರಾಫೀನ್ ಇರಲಿಲ್ಲ, ಲೇಸರ್ ಅದನ್ನು ಸುಟ್ಟಿದೆ ಎಂದು ನನಗೆ ಬಲವಾಗಿ ಅನ್ನಿಸುತ್ತದೆ. 1350 ಮತ್ತು 1590ರ ಜೋಡಿ, ಕ್ರಮವಿಲ್ಲದ ಕಾರ್ಬನ್‌ನ ಗುರುತು. ಅಡುಗೆಮನೆಯ ಮಸಿ, ಒಲೆಯ ಇದ್ದಿಲು, ಸುಟ್ಟ ಕಾಗದದ ಅಂಚು, ಯಾವುದನ್ನು ಇಟ್ಟರೂ ಇದೇ ಜೋಡಿ ಬರುತ್ತದೆ. ಅಂದರೆ ಚನ್ನಗಿರಿಯ ರಸ್ತೆ ಬದಿಯಲ್ಲಿ ನಡೆಯುವ ಕೆಲಸವೇ ನಿಮ್ಮ ಸ್ಲೈಡಿನ ಮೇಲೂ ನಡೆದಿದೆ.

5 ಮಿಲಿವ್ಯಾಟ್ ಎಂದರೆ ಏನೂ ಅಲ್ಲ ಎಂದು ತೋರಬಹುದು. ಆದರೆ ಅದು ಬೀಳುವ ಜಾಗವನ್ನು ಲೆಕ್ಕ ಹಾಕಿ ನೋಡಿ. 532 ನ್ಯಾನೊಮೀಟರ್ ಬೆಳಕನ್ನು 0.9 ಸಂಖ್ಯಾ ದ್ಯುತಿರಂಧ್ರದ (ಮಸೂರ ಬೆಳಕನ್ನು ಎಷ್ಟು ಬಿಗಿಯಾಗಿ ಕೂಡಿಸಬಲ್ಲದು ಎಂಬ ಅಳತೆ) ಆಬ್ಜೆಕ್ಟಿವ್ ಮೂಲಕ ಕೇಂದ್ರೀಕರಿಸಿದರೆ ಚುಕ್ಕೆಯ ವ್ಯಾಸ ಸುಮಾರು 0.72 ಮೈಕ್ರೊಮೀಟರ್ ಆಗುತ್ತದೆ. ಆ ಚುಕ್ಕೆಯಲ್ಲಿ 5 ಮಿಲಿವ್ಯಾಟ್ ಎಂದರೆ ಪ್ರತಿ ಚದರ ಸೆಂಟಿಮೀಟರಿಗೆ ಹತ್ತು ಲಕ್ಷ ವ್ಯಾಟ್‌ಗಿಂತ ಹೆಚ್ಚು, ಮಧ್ಯಾಹ್ನದ ಬಿಸಿಲಿನ ಸುಮಾರು ಒಂದು ಕೋಟಿ ಪಟ್ಟು. ಶುದ್ಧ ಸೆಲ್ಯುಲೋಸ್ ಹಸಿರು ಬೆಳಕನ್ನು ಹೀರಿಕೊಳ್ಳುವುದಿಲ್ಲವಾದ್ದರಿಂದ ಅದನ್ನೂ ಸ್ವಲ್ಪ ತಾಳಿಕೊಂಡೀತು. ಆದರೆ ಸಿಪ್ಪೆಯಿಂದ ಬಂದ ಲಿಗ್ನಿನ್ (ನಾರನ್ನು ಗಟ್ಟಿಯಾಗಿಸುವ ವಸ್ತು) ಮತ್ತು ಪಾಲಿಫೀನಾಲ್‌ಗಳು ಚೂರುಪಾರು ಉಳಿದಿದ್ದರೆ ಅವು ಬೆಳಕನ್ನು ಹೀರಿ ಬಿಸಿಯಾಗುತ್ತವೆ. ಹಸಿ ಅಡಿಕೆ ಸುಲಿಯುವವರ ಬೆರಳುಗಳು ಕಪ್ಪಾಗುವುದನ್ನು ನೀವೇ ನೋಡಿರುತ್ತೀರಿ. ಆ ಕಪ್ಪಿನ ಹಿಂದಿರುವುದೂ ಈ ಪಾಲಿಫೀನಾಲ್‌ಗಳೇ. ಫ್ರೀಜ್ ಡ್ರೈ ಮಾಡಿದ ಪುಡಿ ಹತ್ತಿಯಂತೆ ಗಾಳಿ ತುಂಬಿಕೊಂಡಿರುವುದರಿಂದ ಶಾಖ ಹರಿದು ಹೋಗಲು ದಾರಿ ಇಲ್ಲ. ಒಂದು ಕಣ ಕಪ್ಪಾದರೆ ಅದು ಇನ್ನಷ್ಟು ಬೆಳಕನ್ನು ಹೀರುತ್ತದೆ, ಇನ್ನಷ್ಟು ಬಿಸಿಯಾಗುತ್ತದೆ. ಅಲ್ಲಿಂದ ಮುಂದೆ ಎಲ್ಲವೂ ಒಂದೆರಡು ಸೆಕೆಂಡಿನ ಮಾತು.

ಗಂಧಕಾಮ್ಲವೂ ಸೆಲ್ಯುಲೋಸನ್ನು ಕಪ್ಪಾಗಿಸಬಲ್ಲದು, ಆದರೆ ಹಾಗಾಗಿದ್ದರೆ ದ್ರವವೇ ಕಂದು ಬಣ್ಣಕ್ಕೆ ತಿರುಗಿರುತ್ತಿತ್ತು. ನಿಮ್ಮದು ತಿಳಿ ಮಜ್ಜಿಗೆಯಂತಿದೆ ಎಂದಿದ್ದೀರಿ, ಹಾಗಾಗಿ ಆಮ್ಲದ ಮೇಲೆ ನನಗೆ ಸಂಶಯವಿಲ್ಲ.

ಖಚಿತಪಡಿಸಿಕೊಳ್ಳುವುದು ಕಷ್ಟವಲ್ಲ. ಲೇಸರ್ ಬಿಡುವ ಮೊದಲು ಮತ್ತು ಬಿಟ್ಟ ನಂತರ ಅದೇ ಜಾಗದ ಬಿಳಿ ಬೆಳಕಿನ ಚಿತ್ರ ತೆಗೆದುಕೊಡಿ ಎಂದು ಲ್ಯಾಬಿನವರನ್ನು ಕೇಳಿ. ಹೊಸ ಜಾಗದಲ್ಲಿ ಒಂದೊಂದು ಸೆಕೆಂಡಿನಂತೆ ಇಪ್ಪತ್ತು ರೋಹಿತಗಳನ್ನು ಸಾಲಾಗಿ ತೆಗೆಸಿ. ಕಾರ್ಬನ್ ನಿಮ್ಮ ಸ್ಯಾಂಪಲ್‌ನದ್ದೇ ಆಗಿದ್ದರೆ ಮೊದಲನೆಯ ಸೆಕೆಂಡಿನಲ್ಲೇ ಕಾಣಬೇಕು. ಹೊತ್ತು ಕಳೆದಂತೆ ಬೆಳೆಯುತ್ತ ಹೋದರೆ ಅದು ಸುಟ್ಟದ್ದು.

ಇನ್ನು ಆ ಉಬ್ಬಿನ ವಿಷಯ. ಅದು ಲಿಗ್ನಿನ್‌ನ ಪ್ರತಿದೀಪ್ತಿ, ಅಂದರೆ ಲೇಸರ್ ಬೆಳಕನ್ನು ಹೀರಿ ಅದು ಹೊರಸೂಸುವ ಬೇರೆ ಬಣ್ಣದ ಬೆಳಕು. ರಾಮನ್ ಚದುರಿಕೆ ಎಂದರೆ ಬಿದ್ದ ಫೋಟಾನ್‌ಗಳಲ್ಲಿ ಕೋಟಿಗೊಂದು ಎಂಬಷ್ಟು ಕ್ಷೀಣ. ಪ್ರತಿದೀಪ್ತಿ ಸ್ವಲ್ಪವೇ ಇದ್ದರೂ ಅದನ್ನು ಮುಳುಗಿಸಿಬಿಡುತ್ತದೆ. ಪವರ್ ಏರಿಸಿದರೆ ಎರಡೂ ಒಟ್ಟಿಗೆ ಏರುವುದರಿಂದ ಪ್ರಯೋಜನವಿಲ್ಲ. 785 ನ್ಯಾನೊಮೀಟರ್ ಲೇಸರಿಗೆ ಬದಲಾಯಿಸುವುದು ಸರಿಯಾದ ದಾರಿ. ಚದುರಿಕೆ ತರಂಗದೂರದ ನಾಲ್ಕನೆಯ ಘಾತಕ್ಕೆ ವಿಲೋಮವಾದ್ದರಿಂದ ಸಂಕೇತ ಸುಮಾರು ಐದನೇ ಒಂದು ಭಾಗಕ್ಕೆ ಇಳಿಯುತ್ತದೆ, ಸಿಲಿಕಾನ್ ಸಂವೇದಕ 2900ರ ಭಾಗದಲ್ಲಿ ಮಂಕಾಗುತ್ತದೆ. ಆದರೂ ಉಬ್ಬು ಇಳಿಯುವ ಲಾಭವೇ ದೊಡ್ಡದು. ಅಳೆಯುವ ಮೊದಲು ಕಡಿಮೆ ಪವರಿನಲ್ಲಿ ಅದೇ ಚುಕ್ಕೆಯ ಮೇಲೆ ಕೆಲವು ನಿಮಿಷ ಲೇಸರ್ ಬಿಟ್ಟಿದ್ದರೆ ಪ್ರತಿದೀಪ್ತಿ ತಾನಾಗಿ ಇಳಿಯುತ್ತ ಬರುತ್ತದೆ. ಉಬ್ಬನ್ನು ಸಾಫ್ಟ್‌ವೇರ್‌ನಲ್ಲಿ ಕೆತ್ತಿ ತೆಗೆಯುವ ಆಸೆ ಬೇಡ. ಹೆಚ್ಚಿನ ಘಾತದ ಬಹುಪದಿ ಹಾಕಿದರೆ ಇಲ್ಲದ ಪೀಕ್‌ಗಳು ಹುಟ್ಟುತ್ತವೆ. ಅಂಥವನ್ನು ಅಚ್ಚಾದ ಪ್ರಬಂಧಗಳಲ್ಲೂ ನೋಡಿದ್ದೇನೆ.

ಪುಡಿಯ ಬದಲು ಸೆಂಟ್ರಿಫ್ಯೂಜ್‌ನ ತಳದಲ್ಲಿ ಕೂರುವ ಒದ್ದೆ ಮುದ್ದೆಯನ್ನೇ ಕಳುಹಿಸಿ. ರಾಮನ್‌ನಲ್ಲಿ ನೀರಿನ ಸಂಕೇತ ತೀರಾ ಕ್ಷೀಣ, ಜೊತೆಗೆ ನೀರು ಶಾಖವನ್ನೂ ಒಯ್ಯುತ್ತದೆ. ಗಾಜಿನ ಸ್ಲೈಡ್ ಬೇಡ. 785ರಲ್ಲಿ ಗಾಜೇ ದೊಡ್ಡ ಉಬ್ಬು ಕೊಡುತ್ತದೆ. ಕ್ಯಾಲ್ಸಿಯಂ ಫ್ಲೋರೈಡ್ ಬಿಲ್ಲೆ ದುಬಾರಿ. ಚಪಾತಿ ಸುತ್ತುವ ಅಲ್ಯುಮಿನಿಯಂ ಹಾಳೆಯನ್ನು ಸ್ಲೈಡಿಗೆ ಬಿಗಿಯಾಗಿ ಹಚ್ಚಿ ಅದರ ಮೇಲೆ ಮುದ್ದೆ ಇಟ್ಟರೆ ಸಾಕು, ನಾನು ವರ್ಷಗಳಿಂದ ಹಾಗೆಯೇ ಮಾಡುತ್ತಿದ್ದೇನೆ. ಉಪಕರಣದ ಅಳತೆ ಸರಿಯಿದೆಯೇ ಎಂದು ನೋಡಲು ಬಳಸುವ ಸಿಲಿಕಾನ್ ಪೀಕ್ ಅಂದು 520.5ರ ಆಸುಪಾಸಿನಲ್ಲಿ ಇದೆಯೇ ಎಂಬುದನ್ನೂ ವರದಿಯಲ್ಲಿ ನಮೂದಿಸಲು ಹೇಳಿ.

ಕೊನೆಗೆ ಒಂದೇ ಕಣದ ರೋಹಿತದ ಮಾತು. ಲೇಸರ್ ಚುಕ್ಕೆ 720 ನ್ಯಾನೊಮೀಟರ್, ನಿಮ್ಮ ಹರಳಿನ ಅಗಲ 10. ಹರಳುಗಳನ್ನು ಒಂದೇ ಪದರದಲ್ಲಿ ಒತ್ತೊತ್ತಾಗಿ ಜೋಡಿಸಿದರೂ ಆ ಚುಕ್ಕೆಯೊಳಗೆ ಇನ್ನೂರಕ್ಕೂ ಹೆಚ್ಚು ಹರಳುಗಳು ಕೂರುತ್ತವೆ. ಒಂದು ಮೈಕ್ರೊಮೀಟರ್ ಆಳವನ್ನೂ ಸೇರಿಸಿದರೆ ಎಣಿಕೆ ಇಪ್ಪತ್ತು ಸಾವಿರ ದಾಟುತ್ತದೆ. ಸೂಕ್ಷ್ಮದರ್ಶಕದ ಪರದೆಯ ಮೇಲೆ ಒಂದು ಕಣದಂತೆ ಕಾಣುವುದು ನಿಜವಾಗಿ ಒಂದು ಜಾತ್ರೆ. ಯಾವ ರೋಹಿತ ಕೈಗೆ ಬಂದರೂ ಇದು ಎಷ್ಟು ಜಾಗದಿಂದ ಬಂದದ್ದು ಎಂಬ ಪ್ರಶ್ನೆಯನ್ನು ಮೊದಲು ಕೇಳಿಕೊಳ್ಳಿ.

ಹೊಳಲ್ಕೆರೆ ಮೇಷ್ಟ್ರು:

ದುರ್ಬೀನು ಅವರು ರಾಮನ್ ಬಗ್ಗೆ ಹೇಳಿದ್ದಕ್ಕೆ ನಾನು ಸೇರಿಸುವುದು ಹೆಚ್ಚಿಲ್ಲ. ಎಫ್‌ಟಿಐಆರ್ ವಿಷಯಕ್ಕೆ ಬರುತ್ತೇನೆ, ಏಕೆಂದರೆ ವಿದ್ಯಾರ್ಥಿಗಳ ವರದಿಗಳಲ್ಲಿ 1640ರ ಪೀಕ್‌ನಷ್ಟು ಅನ್ಯಾಯಕ್ಕೆ ಒಳಗಾದ ಪೀಕ್ ಇನ್ನೊಂದಿಲ್ಲ.

ಸಸ್ಯದಿಂದ ಬೆಳ್ಳಿಯ ನ್ಯಾನೊ ಕಣ ಮಾಡಿದವರು ಅದನ್ನು ಪ್ರೋಟೀನ್ ಎನ್ನುತ್ತಾರೆ, ಫ್ಲೇವನಾಯ್ಡ್ ಎನ್ನುವವರೂ ಇದ್ದಾರೆ. ಸೆಲ್ಯುಲೋಸ್‌ನಲ್ಲಿ ಅದು ಬಹುಮಟ್ಟಿಗೆ ಹೀರಿಕೊಂಡ ನೀರು. ಹರಳಿನ ಮೇಲ್ಮೈ ತುಂಬ ಹೈಡ್ರಾಕ್ಸಿಲ್ ಗುಂಪುಗಳಿರುವುದರಿಂದ ಅದು ಗಾಳಿಯ ತೇವವನ್ನು ಬಿಡದೆ ಹಿಡಿದುಕೊಳ್ಳುತ್ತದೆ. ಪೊಟ್ಯಾಸಿಯಂ ಬ್ರೋಮೈಡ್ ಜೊತೆ ಅರೆದು ಬಿಲ್ಲೆ ಮಾಡಿದ್ದರೆ ಆ ಉಪ್ಪೂ ತನ್ನ ಪಾಲಿನ ನೀರನ್ನು ತಂದಿರುತ್ತದೆ. ಪುಡಿಯನ್ನು 105 ಡಿಗ್ರಿಯಲ್ಲಿ ರಾತ್ರಿಯಿಡೀ ಒಣಗಿಸಿ, ಡೆಸಿಕೇಟರಿನಲ್ಲಿ ತಣಿಸಿ, ತಡಮಾಡದೆ ಎಟಿಆರ್‌ನಲ್ಲಿ (ಬಿಲ್ಲೆ ಮಾಡದೆ ಪುಡಿಯನ್ನೇ ಒತ್ತಿಟ್ಟು ಅಳೆಯುವ ವಿಧಾನ) ಇನ್ನೊಮ್ಮೆ ತೆಗೆಯಿರಿ. 1640 ಕುಗ್ಗಿದರೆ ನೀರು. ಇದ್ದಲ್ಲೇ ಇದ್ದರೆ ಆಗ ಬೇರೆ ಯೋಚನೆ ಮಾಡೋಣ.

ಅದಕ್ಕಿಂತ ನಿಮಗೆ ಮುಖ್ಯವಾದವು 1735 ಮತ್ತು 1510. ಮೊದಲನೆಯದು ಹೆಮಿಸೆಲ್ಯುಲೋಸ್‌ನ ಅಸಿಟೈಲ್ ಗುಂಪಿನದು, ಎರಡನೆಯದು ಲಿಗ್ನಿನ್‌ನ ಆರೋಮ್ಯಾಟಿಕ್ ಉಂಗುರದ್ದು. ಹಸಿ ಸಿಪ್ಪೆ, ಕ್ಷಾರದ ನಂತರದ ನಾರು, ಬಿಳುಪು ಮಾಡಿದ ನಾರು, ಕೊನೆಯ ಹರಳು, ಈ ನಾಲ್ಕರ ರೋಹಿತಗಳನ್ನು ಒಂದರ ಕೆಳಗೊಂದು ಇಟ್ಟು ನೋಡಿದರೆ ಯಾವ ಹಂತದಲ್ಲಿ ಏನು ಹೋಯಿತು, ಏನು ಉಳಿಯಿತು ಎಂಬುದು ಕಣ್ಣಿಗೇ ಕಾಣುತ್ತದೆ. ಲೇಸರಿಗೆ ಉಬ್ಬು ಕೊಟ್ಟ ವಸ್ತು ಯಾವುದೆಂಬ ಸುಳಿವೂ ಅಲ್ಲೇ ಸಿಗಬಹುದು. ಆದರೆ ಇನ್ಫ್ರಾರೆಡ್‌ಗೆ ಕಾಣದಷ್ಟು ಕಡಿಮೆ ಲಿಗ್ನಿನ್ ಕೂಡ ರಾಮನ್‌ನಲ್ಲಿ ಪ್ರತಿದೀಪ್ತಿಯಾಗಿ ಕಾಡಬಲ್ಲದು ಎಂಬುದು ನೆನಪಿರಲಿ.

ಇನ್ನೊಂದು ಎಚ್ಚರಿಕೆ. ದ್ರವದ ಹನಿಯನ್ನು ಒಣಗಿಸಿ ಅಳೆಯುವುದಾದರೆ, ಮೇಜಿನ ಮೇಲೆ ಚೆಲ್ಲಿದ ಚಹಾ ಒಣಗಿದಾಗ ಅಂಚಿನಲ್ಲಿ ಗಾಢವಾದ ಗೆರೆ ಉಳಿಯುವ ಹಾಗೆ ಇಲ್ಲಿಯೂ ಹರಳುಗಳೆಲ್ಲ ಅಂಚಿಗೆ ಸರಿದು ಒಂದೇ ದಿಕ್ಕಿಗೆ ಸಾಲುಗಟ್ಟುತ್ತವೆ. ರಾಮನ್‌ನಲ್ಲಿ ಸೆಲ್ಯುಲೋಸ್‌ನ 1095ರ ಪೀಕ್ ಲೇಸರಿನ ಧ್ರುವೀಕರಣ ಸರಪಳಿಗೆ ಸಮಾನಾಂತರವಾಗಿದ್ದಾಗ ಎತ್ತರವಾಗಿಯೂ ಅಡ್ಡವಾಗಿದ್ದಾಗ ಗಿಡ್ಡವಾಗಿಯೂ ಬರುತ್ತದೆ. 380 ಮತ್ತು 1095ರ ಪೀಕ್‌ಗಳ ಅನುಪಾತದಿಂದ ಸ್ಫಟಿಕೀಯತೆ ಲೆಕ್ಕ ಹಾಕುವವರು ಅಂಚಿನಲ್ಲಿ ಒಂದು ಬಾರಿ, ನಡುವೆ ಒಂದು ಬಾರಿ ಅಳೆದು, ಎರಡು ಬೇರೆ ಬೇರೆ ಉತ್ತರ ಬಂತೆಂದು ಗಾಬರಿಯಾಗುತ್ತಾರೆ. ಸ್ಲೈಡನ್ನು 90 ಡಿಗ್ರಿ ತಿರುಗಿಸಿ ಮತ್ತೆ ಅಳೆದರೆ ಅದು ದಿಕ್ಕಿನ ಪರಿಣಾಮವೋ ಸ್ಫಟಿಕೀಯತೆಯ ವ್ಯತ್ಯಾಸವೋ ಗೊತ್ತಾಗುತ್ತದೆ.

ಎಸ್‌ಇಎಂನಲ್ಲಿ (ಮೇಲ್ಮೈ ತೋರಿಸುವ ಎಲೆಕ್ಟ್ರಾನ್ ಸೂಕ್ಷ್ಮದರ್ಶಕ) ಇಡಿಎಸ್ (ಎಕ್ಸ್‌ರೇಯಿಂದ ಮೂಲವಸ್ತುಗಳನ್ನು ಗುರುತಿಸುವ ಪರೀಕ್ಷೆ) ಮಾಡಿಸಿ ಗಂಧಕ ಎಷ್ಟಿದೆ ಎಂದು ನೋಡುವ ಯೋಚನೆ ಇದ್ದರೆ ಸ್ಯಾಂಪಲ್‌ಗೆ ಚಿನ್ನದ ಲೇಪ ಹಾಕಿಸಬೇಡಿ. ಗಂಧಕದ ರೇಖೆ 2.31 ಕಿಲೋ ಎಲೆಕ್ಟ್ರಾನ್ ವೋಲ್ಟ್‌ನಲ್ಲಿ, ಚಿನ್ನದ್ದು 2.12ರಲ್ಲಿ, ಶೇ ಒಂದರ ಆಸುಪಾಸಿನ ಗಂಧಕ ಚಿನ್ನದ ಪೀಕ್‌ನ ಮಗ್ಗುಲಲ್ಲಿ ಅಡಗಿಹೋಗುತ್ತದೆ. ಕಾರ್ಬನ್ ಲೇಪ ಕೇಳಿ. ಆಗಲೂ 15 ಕಿಲೋವೋಲ್ಟ್‌ನ ಎಲೆಕ್ಟ್ರಾನ್‌ಗಳು ಸೆಲ್ಯುಲೋಸ್‌ನಂಥ ಹಗುರ ವಸ್ತುವಿನಲ್ಲಿ ಕೆಲವು ಮೈಕ್ರೊಮೀಟರ್ ಆಳಕ್ಕೆ ಹೋಗುತ್ತವೆ, ಅಂದರೆ ಅಲ್ಲೂ ಜಾತ್ರೆಯೇ. ಗಂಧಕಾಮ್ಲದಿಂದ ಹರಳಿನ ಮೇಲ್ಮೈಗೆ ಹತ್ತಿದ ಸಲ್ಫೇಟ್ ಗುಂಪುಗಳ ಪ್ರಮಾಣ ಬೇಕಿದ್ದರೆ ವಾಹಕತೆಯ ಟೈಟ್ರೇಶನ್ ಅಗ್ಗ, ನಂಬಿಕೆಗೂ ಅರ್ಹ. ನಿಮ್ಮ ಕಾಲೇಜಿನಲ್ಲೇ ಮಾಡಬಹುದು.

ಸಿಪ್ಪೆರಾಶಿ (ದಾವಣಗೆರೆ):

ದುರ್ಬೀನು ಸರ್, ಮೇಷ್ಟ್ರೇ, ಇಬ್ಬರಿಗೂ ಧನ್ಯವಾದ. ಮೂರು ವಾರದ ನಂತರ ಬರೆಯುತ್ತಿದ್ದೇನೆ, ತಡವಾದುದಕ್ಕೆ ಕ್ಷಮೆ ಇರಲಿ.

ಲ್ಯಾಬಿನವರು ಹಳೆಯ ಚಿತ್ರಗಳನ್ನು ಇಟ್ಟಿರಲಿಲ್ಲ, ಹಾಗಾಗಿ ಈ ಸಲ ನಾನೇ ಹೋಗಿ ಪಕ್ಕದಲ್ಲಿ ಕುಳಿತೆ. ಮೊದಲು ಹಳೆಯ ಪುಡಿಯನ್ನೇ, ಹಳೆಯ ಪವರಿನಲ್ಲೇ, ಸೆಕೆಂಡಿಗೊಂದರಂತೆ ತೆಗೆಸಿದೆ. ಮೊದಲ ಮೂರು ರೋಹಿತಗಳಲ್ಲಿ ಉಬ್ಬು ಮಾತ್ರ ಇತ್ತು. ನಾಲ್ಕನೆಯದರಿಂದ 1590 ತಲೆ ಎತ್ತಿತು, ಹತ್ತನೆಯದಕ್ಕೆ 1350 ಕೂಡ ಜೊತೆಯಾಯಿತು. ಬಿಳಿ ದೀಪ ಹಾಕಿದಾಗ ಬಿಳಿ ಪುಡಿಯ ನಡುವೆ ಎಳ್ಳಿನಂಥ ಒಂದು ಕಪ್ಪು ಚುಕ್ಕೆ, ಅದರ ಸುತ್ತ ಕಂದು ಬಣ್ಣದ ತೆಳುವಾದ ಬಳೆ. ವರದಿಯಲ್ಲಿ ಗ್ರಾಫೀನ್ ಎಂದು ಓದಿದ್ದ ನನಗೆ ಅದನ್ನು ನೋಡಿ ನಗು ಬಂತು.

ಆಮೇಲೆ ಅಲ್ಯುಮಿನಿಯಂ ಹಾಳೆಯ ಮೇಲೆ ಒದ್ದೆ ಮುದ್ದೆ ಇಟ್ಟು 785ರಲ್ಲಿ ತೆಗೆದಾಗ 380, 1095, 1120 ಮೂರೂ ಸ್ಪಷ್ಟವಾಗಿ ಬಂದವು. ಒಣಗಿಸಿದ ಪುಡಿಯ ಎಫ್‌ಟಿಐಆರ್‌ನಲ್ಲಿ 1640 ಅರ್ಧಕ್ಕಿಂತ ಕೆಳಗಿಳಿದಿದೆ. ಈಗ ಉಳಿದಿರುವ ಅನುಮಾನವೆಂದರೆ ರಾಮನ್‌ನಲ್ಲಿ 1600ರ ಹತ್ತಿರ ಇನ್ನೂ ಕಾಣುವ ಒಂದು ಸಣ್ಣ ಪೀಕ್. ಇದೂ ಸುಟ್ಟದ್ದೇ, ಅಥವಾ ಲಿಗ್ನಿನ್ ಇರಬಹುದೇ? ಎಎಫ್‌ಎಂ-ಐಆರ್ ಬಗ್ಗೆಯೂ ಯಾರಾದರೂ ತಿಳಿಸಿದರೆ ಒಳ್ಳೆಯದಿತ್ತು.

ದುರ್ಗದ ದುರ್ಬೀನು:

1350 ಇಲ್ಲದೆ 1600 ಮಾತ್ರ ಇದ್ದರೆ, ಅದೂ ಕಿರಿದಾಗಿದ್ದು 1660ರ ಕಡೆ ಒಂದು ಭುಜ ಇದ್ದರೆ, ಅದು ಲಿಗ್ನಿನ್. ಸುಟ್ಟ ಕಾರ್ಬನ್‌ನ ಪೀಕ್ ಅಗಲವಾಗಿರುತ್ತದೆ, ಒಂಟಿಯಾಗಿ ಬರುವುದಿಲ್ಲ. ಹೊತ್ತು ಕಳೆದಂತೆ ಬೆಳೆಯುತ್ತದೆಯೇ ಎಂದು ಇಲ್ಲಿಯೂ ನೋಡಿ. ಬಿಳುಪಿನ ಹಂತವನ್ನು ಇನ್ನೊಂದು ಬಾರಿ ಮಾಡಿದ ನಾರಿನಲ್ಲಿ ಅದು ಕುಗ್ಗಿದರೆ ಮಾತು ಮುಗಿಯಿತು.

ತುದಿಸೂಜಿ:

ಎಎಫ್‌ಎಂ-ಐಆರ್‌ನಲ್ಲಿ ಒಂದಷ್ಟು ಕಾಲ ಕೆಲಸ ಮಾಡಿದವನಾಗಿ ಹೇಳುತ್ತೇನೆ. ಈ ವಿಧಾನ 2005ರ ಸುಮಾರಿಗೆ ರೂಪ ಪಡೆದದ್ದು. ಇನ್ಫ್ರಾರೆಡ್ ಲೇಸರ್ ಸ್ಯಾಂಪಲ್ ಮೇಲೆ ಬಿದ್ದಾಗ ಬೆಳಕನ್ನು ಹೀರಿದ ಜಾಗ ಬಿಸಿಯಾಗಿ ಅತ್ಯಲ್ಪ ಹಿಗ್ಗುತ್ತದೆ; ಆ ಹಿಗ್ಗುವಿಕೆಯನ್ನು ಇಪ್ಪತ್ತು ಚಿಲ್ಲರೆ ನ್ಯಾನೊಮೀಟರ್ ತ್ರಿಜ್ಯದ ಸೂಜಿಮೊನೆ ಮುಟ್ಟಿ ತಿಳಿಯುತ್ತದೆ. ಬೆಳಕಿನ ಚುಕ್ಕೆ ಎಷ್ಟೇ ದೊಡ್ಡದಿರಲಿ, ರೋಹಿತ ಬರುವುದು ಮೊನೆಯ ಕೆಳಗಿನ ಜಾಗದಿಂದ ಮಾತ್ರ. ಸಾಮಾನ್ಯ ಇನ್ಫ್ರಾರೆಡ್ ಸೂಕ್ಷ್ಮದರ್ಶಕ ಕೆಲವು ಮೈಕ್ರೊಮೀಟರ್‌ಗೆ ನಿಂತರೆ ಇದು ಹತ್ತಾರು ನ್ಯಾನೊಮೀಟರ್‌ಗೆ ಇಳಿಯುತ್ತದೆ.

ಆದರೆ ಒಂಟಿ ಹರಳು ಹಿಗ್ಗುವುದು ಎಷ್ಟು? 5ರಿಂದ 10 ನ್ಯಾನೊಮೀಟರ್ ದಪ್ಪದ ವಸ್ತುವಿನ ಹಿಗ್ಗು ಅಷ್ಟಕ್ಕಷ್ಟೇ, ಆದ್ದರಿಂದ ಸಂಕೇತ ಗದ್ದಲದ ಮಟ್ಟಕ್ಕೇ ಬರುತ್ತದೆ. ಹರಳುಗಳ ಸಣ್ಣ ಕಂತೆಗಳಲ್ಲಿ ಕೆಲಸ ಸುಲಭ. ಇನ್ನೊಂದು ಬಲೆಯಲ್ಲಿ ನಾನೇ ಬಿದ್ದಿದ್ದೆ. ಸೂಜಿಗಳು ಬರುವ ಪೆಟ್ಟಿಗೆಯ ಅಂಟು ಜೆಲ್‌ನಿಂದ ಸಿಲಿಕೋನ್ ಹರಿದು ಮೊನೆಗೆ ಹತ್ತುತ್ತದೆ. ಅದು 1260ರಲ್ಲಿ ಚೂಪಾದ ಪೀಕ್ ಕೊಡುತ್ತದೆ, 1000ರಿಂದ 1100ರವರೆಗಿನ ಭಾಗದಲ್ಲಿ ಸೆಲ್ಯುಲೋಸ್ ಜೊತೆ ಬೆರೆತುಹೋಗುತ್ತದೆ. ಸಲ್ಫೇಟ್ ಸಿಕ್ಕಿತೆಂದು ಎರಡು ವಾರ ಸಂಭ್ರಮಿಸಿದ್ದೆ. ಬರಿಯ ಸಿಲಿಕಾನ್ ತುಂಡಿನ ಮೇಲೆ ಅದೇ ಮೊನೆಯಿಂದ ತೆಗೆದರೂ ಅದೇ ಪೀಕ್ ಬಂದಾಗ ಸಂಭ್ರಮ ಇಳಿಯಿತು. ಖಾಲಿ ತುಂಡಿನ ರೋಹಿತವನ್ನು ದಿನದ ಮೊದಲ ಕೆಲಸವಾಗಿ ತೆಗೆಯಿರಿ.

ನಿಮ್ಮ ಪ್ರಶ್ನೆಗೆ ಅದು ಬೇಕೇ ಎಂದರೆ, ಸಿಪ್ಪೆಯಿಂದ ಸೆಲ್ಯುಲೋಸ್ ಹರಳು ಬಂದಿದೆ ಎಂದು ತೋರಿಸುವುದಷ್ಟೇ ಉದ್ದೇಶವಾದರೆ ಬೇಡ. ಟಿಇಎಂ ಆಕಾರವನ್ನು ಹೇಳಿದೆ, ರಾಮನ್ ಮತ್ತು ಎಫ್‌ಟಿಐಆರ್ ವಸ್ತುವನ್ನು ಹೇಳಿವೆ, ಎಕ್ಸ್‌ರೇ ವಿವರ್ತನೆ ಸ್ಫಟಿಕೀಯತೆಯನ್ನು ಹೇಳುತ್ತದೆ. ಉಳಿದ ಲಿಗ್ನಿನ್ ಹರಳಿನ ಮೈಗೆ ಅಂಟಿದೆಯೋ, ಬೇರೆಯ ಗುಳಿಗೆಯಾಗಿ ನಿಂತಿದೆಯೋ ಎಂಬ ಪ್ರಶ್ನೆ ಎದ್ದರೆ ಮಾತ್ರ ಈ ಖರ್ಚಿಗೆ ಅರ್ಥವಿದೆ. ಆಗ 1510ರಲ್ಲಿ (ಲಿಗ್ನಿನ್) ಒಂದು ನಕ್ಷೆ, 1060ರಲ್ಲಿ (ಸೆಲ್ಯುಲೋಸ್) ಒಂದು ನಕ್ಷೆ ತೆಗೆದು ಹೋಲಿಸಬಹುದು. ಸಂಶೋಧನಾ ಉಪಕರಣಗಳ ಸರ್ಕಾರಿ ಜಾಲತಾಣವಾದ ಐ-ಸ್ಟೆಮ್ ಪೋರ್ಟಲ್‌ನಲ್ಲಿ ಯಾವ ಸಂಸ್ಥೆಯಲ್ಲಿ ಯಾವ ಉಪಕರಣವಿದೆ ಎಂದು ಹುಡುಕಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನ್ಯಾನೊ ವಿಜ್ಞಾನ ಕೇಂದ್ರದಂಥ ಕಡೆ ಹೊರಗಿನ ವಿದ್ಯಾರ್ಥಿಗಳ ಸ್ಯಾಂಪಲ್‌ಗಳನ್ನೂ ಪರೀಕ್ಷಿಸಿ ಕೊಡುತ್ತಾರೆ.

ಸಿಪ್ಪೆರಾಶಿ (ದಾವಣಗೆರೆ):

ಲಿಗ್ನಿನ್ ಎಲ್ಲಿದೆ ಎಂಬ ಪ್ರಶ್ನೆ ನನಗೆ ಹೊಳೆದೇ ಇರಲಿಲ್ಲ. 1600ರ ಆ ಸಣ್ಣ ಪೀಕನ್ನು ತೊಲಗಿಸುವುದು ಹೇಗೆಂದಷ್ಟೇ ಯೋಚಿಸುತ್ತಿದ್ದೆ. ಬಿಳುಪು ಎರಡು ಬಾರಿ ಮಾಡಿದ ನಾರು ಇವತ್ತು ಡಯಾಲಿಸಿಸ್‌ಗೆ ಹೋಗಿದೆ. ಒಂದು ಬಾರಿ ಮಾಡಿದ್ದರ ಮುದ್ದೆಯನ್ನೂ ಚೆಲ್ಲದೆ ಫ್ರಿಜ್ಜಿನಲ್ಲಿ ಇಟ್ಟಿದ್ದೇನೆ. ಎರಡನ್ನೂ ಒಂದೇ ದಿನ, ಒಂದೇ ಹಾಳೆಯ ಮೇಲೆ ಅಕ್ಕಪಕ್ಕ ಇಟ್ಟು ತೆಗೆಸಿ ಇಲ್ಲಿ ಹಾಕುತ್ತೇನೆ.